ಶೋಧದ ಲಾಭವು ಯಾರಿಗೆ ಸಲ್ಲುತ್ತದೆ? – ನೇಗಿಲು ಮತ್ತು ಬೀಜಗಳ ದೃಷ್ಟಾಂತಗಳು

ಮುದ್ದೇಬಿಹಾಳ ತಾಲೂಕಿನ ನಾಲತವಾಡವು ಕೃಷ್ಣಾ ನದಿಗೆ ಸಮೀಪವಾಗಿರುವ ಎರೆಭೂಮಿಯ ಸೀಮೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ ಬೀಳುವ ಈ ಪ್ರಾಂತದಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಹತ್ತಿ ಮುಂತಾದ ಪೈರುಗಳು ಒಕ್ಕಲಿಗರ ಜೀವನಾಧಾರವಾಗಿವೆ. ಇಲ್ಲಿಯ ಜಮೀನುದಾರನು ಹಿಂಗಾರಿಯಲ್ಲಿ ಬಿಳಿಜೋಳವನ್ನು ಬಿತ್ತುವಾಗ ಬೀಜಕ್ಕಾಗಿ ಪೇಟೆಗೆ ಹೋಗಲೇಬೇಕೆಂಬುದಿಲ್ಲ. ಹಿಂದಿನ ಸುಗ್ಗಿಯಲ್ಲಿ ಆರಿಸಿ ಇಟ್ಟ ಒಳ್ಳೆಯ ತೆನೆಗಳ ಕಾಳನ್ನೇ ಕೂರಿಗೆಯ ಬಟ್ಟಲಿಗೆ ಸುರಿಯಬಹುದು. ಆದರೆ ಅದೇ ಜಮೀನುದಾರನು ಹತ್ತಿಯನ್ನು ಊರಬೇಕಾದಾಗ ಪ್ರತಿವರ್ಷವೂ ಬೀಜದ ಪೊಟ್ಟಣಗಳನ್ನು ಹಣ ಕೊಟ್ಟು ತರುತ್ತಾನೆ. ಎರಡು ಬೀಜಗಳ ಹಿಂದೆಯೂ ಪಂಡಿತರ ಹಲವು ವರ್ಷಗಳ ಶೋಧನೆಯಿದೆ. ಹೀಗಿದ್ದರೂ ಒಂದಕ್ಕೆ ಬೆಲೆಯಿಲ್ಲ, ಇನ್ನೊಂದಕ್ಕೆ ವರ್ಷವರ್ಷವೂ ಬೆಲೆ ತೆರಬೇಕು.

ಇದೇಕೆ ಹೀಗೆ ಎಂಬುದನ್ನು ಗ್ರಾಮದ ಗೌಡರೂ ಜಮೀನುದಾರರೂ ವಿಚಾರಿಸಿ ತಿಳಿಯುವುದು ಆವಶ್ಯಕವಾಗಿದೆ. ಏತಕ್ಕೆಂದರೆ, ತಾನು ಕೊಡುವ ಹಣದಲ್ಲಿ ವಸ್ತುವಿಗೂ ಕೂಲಿಗೂ ಎಷ್ಟು, ಅದರೊಳಗಿನ ಶೋಧಕ್ಕೆ ಎಷ್ಟು ಎಂಬುದನ್ನು ಅರಿಯದವನು ಮಾರುವವನು ಹೇಳಿದ ಬೆಲೆಯನ್ನೇ ನಂಬಬೇಕಾಗುತ್ತದೆ. ಸಾಲ ಮಾಡಿ ಬಿತ್ತುವವನಿಗೆ ಇದು ಸಣ್ಣ ಮಾತಲ್ಲ.

ಕಾರಖಾನೆಗಳ ತೊಡಕು

ಹೊಸ ವಸ್ತುವನ್ನು ಕಂಡುಹಿಡಿಯುವುದಕ್ಕೆ ಬಹಳ ವೆಚ್ಚವುಂಟು. ಕಂಡುಹಿಡಿದುದನ್ನು ನೋಡಿ ಅದರಂತೆ ಮಾಡುವುದಕ್ಕೆ ಅಲ್ಪ ವೆಚ್ಚ ಸಾಕು. ಒಂದು ಕಾರಖಾನೆಯು ಹತ್ತು ವರ್ಷ ಹಣವನ್ನು ಸುರಿದು ಒಂದು ಯಂತ್ರವನ್ನು ಸಿದ್ಧಪಡಿಸಿದರೆ, ಮರುವರ್ಷವೇ ನೆರೆಯವನು ಅದನ್ನು ಬಿಚ್ಚಿ ನೋಡಿ, ಅಳತೆ ತೆಗೆದು, ಅಗ್ಗವಾಗಿ ಮಾರತೊಡಗಬಹುದು. ಆಗ ಶೋಧಿಸಿದವನಿಗೆ ನಷ್ಟ, ನಕಲು ಮಾಡಿದವನಿಗೆ ಲಾಭ. ಇಂತಹ ಭಯವಿದ್ದಲ್ಲಿ ಯಾರೂ ಶೋಧನೆಗೆ ಹಣ ಹಾಕರು. ಆದುದರಿಂದ ಕಾರಖಾನೆಯವರು ತಮ್ಮ ಶೋಧದ ಫಲವು ತಮ್ಮ ಕೈ ಮೀರದಂತೆ ಹಲವು ಉಪಾಯಗಳನ್ನು ಹೂಡುತ್ತಾರೆ.

ಆ ಉಪಾಯಗಳಲ್ಲಿ ನಾಲ್ಕು ಮುಖ್ಯವಾದವು. ಮೊದಲನೆಯದು ಸರಕಾರದಿಂದ ಪಡೆಯುವ ಪೇಟೆಂಟು ಎಂಬ ಸನದು. ಇದರಿಂದ ಗೊತ್ತಾದ ಅವಧಿಯವರೆಗೆ ಬೇರೊಬ್ಬನು ಆ ವಸ್ತುವನ್ನು ಮಾಡಿ ಮಾರುವುದಕ್ಕೆ ಪ್ರತಿಬಂಧವಾಗುತ್ತದೆ. ಎರಡನೆಯದು ಗುಟ್ಟು, ಮಾಡುವ ಕ್ರಮವನ್ನು ಹೊರಗೆ ಬಿಡದೆ ಕಾಪಾಡಿಕೊಳ್ಳುವುದು. ಮೂರನೆಯದು ಮುಂದಾಳುತನ, ಉಳಿದವರು ನಕಲು ಮಾಡುವಷ್ಟರಲ್ಲಿ ಪೇಟೆಯನ್ನು ಹಿಡಿದು, ಇನ್ನೂ ಉತ್ತಮವಾದುದನ್ನು ಹೊರತರುವುದು. ನಾಲ್ಕನೆಯದು ಒಡನಾಡಿ ಸಾಧನಗಳು. ಎಂದರೆ ಬಿಡಿಭಾಗ, ದುರಸ್ತಿ, ಮಾರಾಟಗಾರರ ಜಾಲ, ಜನರ ನಂಬಿಕೆ ಇವುಗಳನ್ನು ಕೂಡಿಸಿಕೊಂಡಿರುವುದು.

ಇವುಗಳಲ್ಲಿ ಪೇಟೆಂಟೇ ಪ್ರಧಾನವೆಂದು ಜನರು ಸಾಮಾನ್ಯವಾಗಿ ತಿಳಿಯುವರು. ಆದರೆ ೧೯೯೪ರಲ್ಲಿ ಅಮೇರಿಕದ ಕಾರಖಾನೆಗಳಿಗೆ ಸೇರಿದ ೧,೪೭೮ ಶೋಧನಾಲಯಗಳನ್ನು ಪಂಡಿತರು ವಿಚಾರಿಸಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ಬಹುಮಟ್ಟಿನ ಉದ್ಯಮಗಳವರು ಗುಟ್ಟನ್ನೂ ಮುಂದಾಳುತನವನ್ನೂ ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಪೇಟೆಂಟಿಗೆ ಅವರು ಕೊಟ್ಟ ಸ್ಥಾನವು ಕೆಳಗಿನದಾಗಿತ್ತು. ಔಷಧಗಳಂತಹ ಕೆಲವೇ ಉದ್ಯಮಗಳಲ್ಲಿ ಪೇಟೆಂಟಿಗೆ ದೊಡ್ಡ ಬೆಲೆಯಿದ್ದಿತು. ಹಾಗಾದರೆ ಅನೇಕರು ಪೇಟೆಂಟು ಪಡೆಯುವುದೇಕೆಂದರೆ, ಪ್ರತಿಸ್ಪರ್ಧಿಗಳ ದಾರಿಯನ್ನು ಕಟ್ಟುವುದಕ್ಕೂ, ತಮ್ಮ ಮೇಲೆ ದಾವೆ ಬಾರದಂತೆ ನೋಡಿಕೊಳ್ಳುವುದಕ್ಕೂ ಅದು ಉಪಯೋಗವಾಗುತ್ತದೆ. ಈ ತತ್ತ್ವವು ಒಕ್ಕಲುತನದ ಸಾಮಗ್ರಿಗಳಲ್ಲಿ ಹೇಗೆ ನಡೆದಿದೆ ಎಂಬುದನ್ನು ಮುಂದೆ ನೋಡಬಹುದು.

ಇಂಗ್ಲೆಂಡಿನ ಕುಳ

ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದಲ್ಲಿ ರಾಬರ್ಟ್ ರ್‍ಯಾನ್ಸಮ್ ಎಂಬವನು ಎರಕದ ಕೆಲಸವನ್ನು ನಡೆಸುತ್ತಿದ್ದನು. ಕಾದ ಕಬ್ಬಿಣದ ರಸವು ತಣ್ಣನೆಯ ಲೋಹಕ್ಕೆ ತಗುಲಿದ ಭಾಗವು ಮಿಕ್ಕ ಭಾಗಕ್ಕಿಂತ ಬಹಳ ಗಟ್ಟಿಯಾಗುತ್ತದೆ ಎಂಬುದನ್ನು ಅವನು ಕಂಡುಕೊಂಡು, ನೇಗಿಲಿನ ಕುಳದ ಕೆಳಮೈಯನ್ನು ಮಾತ್ರ ಹೀಗೆ ಗಟ್ಟಿಮಾಡಿದನು. ಮೆದುವಾದ ಮೇಲ್ಮೈ ಬೇಗ ಸವೆದು, ಗಟ್ಟಿಯಾದ ಕೆಳಮೈ ನಿಧಾನವಾಗಿ ಸವೆದುದರಿಂದ ಕುಳವು ಉಳುವಾಗ ತನ್ನಷ್ಟಕ್ಕೆ ತಾನೇ ಹರಿತವಾಗುತ್ತಿತ್ತು. ಇದಕ್ಕೆ ಅವನು ೧೮೦೩ರಲ್ಲಿ ಪೇಟೆಂಟು ಪಡೆದನು. ಆ ಕಾಲದಲ್ಲಿ ಅಲ್ಲಿಯ ಪೇಟೆಂಟಿನ ಅವಧಿಯು ೧೪ ವರ್ಷ.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ೧೮೦೮ರಲ್ಲಿ ಭಾಗಗಳನ್ನು ಬಿಚ್ಚಿ ಹೊಲದಲ್ಲಿಯೇ ಬದಲಾಯಿಸಬಹುದಾದ ನೇಗಿಲಿಗೆ ಇನ್ನೊಂದು ಪೇಟೆಂಟನ್ನು ಮಾಡಿಸಿದನು. ಮೊದಲನೆಯ ಸನದಿನ ಅವಧಿ ತೀರಿದ ಮೇಲೆ ಕುಳದ ಗುಣವು ಎಲ್ಲರ ಸೊತ್ತಾಯಿತು. ಆದರೆ ಒಂದು ಕಾರಖಾನೆಯ ಚೌಕಟ್ಟಿಗೆ ಸರಿಯಾಗಿ ಕೂಡುವ ಕುಳವನ್ನು ಅದೇ ಕಾರಖಾನೆಯಿಂದ ಮತ್ತೆ ಮತ್ತೆ ಕೊಳ್ಳುವ ವಾಡಿಕೆಯು ಸನದಿನೊಂದಿಗೆ ತೀರುವಂತಹದಲ್ಲ. ನೇಗಿಲು ಒಂದೇ ಸಲ ಮಾರಾಟವಾಗುತ್ತದೆ, ಕುಳವು ವರ್ಷವರ್ಷವೂ ಮಾರಾಟವಾಗುತ್ತದೆ. ಇಂದು ಪಂಪು, ಟ್ರ್ಯಾಕ್ಟರು, ಸಿಂಪರಣಾ ಯಂತ್ರ ಯಾವುದನ್ನು ಕೊಂಡರೂ ಇದೇ ನಿಯಮವು ನಡೆಯುತ್ತಿರುವುದನ್ನು ಕಾಣಬಹುದು. ಆದಕಾರಣ ಯಂತ್ರದ ಬೆಲೆಯನ್ನು ಕೇಳುವವನು ಅದರ ಸವೆಯುವ ಭಾಗಗಳ ಬೆಲೆಯನ್ನೂ ಮೊದಲೇ ಕೇಳತಕ್ಕದ್ದು.

ನಮ್ಮ ನಾಡಿನ ನೇಗಿಲು

ಈ ವಿಷಯದಲ್ಲಿ ನಮ್ಮ ನಾಡಿನ ದೃಷ್ಟಾಂತವೇ ಇದೆ. ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬೆಳಗಾವಿಯಲ್ಲಿ ಸಾಯಕಲ್ಲುಗಳ ಅಂಗಡಿಯನ್ನು ನಡೆಸುತ್ತ, ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ನೇಗಿಲನ್ನೂ ಸಿದ್ಧಪಡಿಸಿದರು. ಆದರೆ ಕಬ್ಬಿಣವು ನೆಲಕ್ಕೆ ವಿಷವಾಗುವುದೆಂದು ಒಕ್ಕಲಿಗರು ಅಂಜಿದುದರಿಂದ ಸುಮಾರು ಎರಡು ವರ್ಷ ನೇಗಿಲುಗಳು ಮಾರಾಟವಾಗದೆ ಬಿದ್ದುಕೊಂಡವು. ಬೆಳಗಾವಿಯ ಸ್ಥಳವನ್ನು ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಕುಂಡಲ ರೋಡ ಸ್ಟೇಶನ್ನಿನ ಬಳಿ ೩೨ ಎಕರೆ ಭೂಮಿಯನ್ನೂ ೧೦,೦೦೦ ರೂಪಾಯಿ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು.

ಇಲ್ಲಿ ವಿಚಾರಿಸತಕ್ಕ ಅಂಶವೇನೆಂದರೆ, ನೇಗಿಲಿನ ಆಕಾರವು ಎಲ್ಲರ ಕಣ್ಣಿಗೂ ಕಾಣುವಂತಹದು. ಅದನ್ನು ಗುಟ್ಟಾಗಿಡುವುದು ಸಾಧ್ಯವಿಲ್ಲ. ಒಳ್ಳೆಯ ಕಂಬಾರನು ಅದನ್ನು ಒಂದು ದಿನ ನೋಡಿದರೆ ಅಳತೆಯನ್ನು ತಿಳಿಯಬಲ್ಲನು. ಆದರೆ ಎರಕದ ಮನೆ, ಒಂದೇ ಅಳತೆಯ ಸಾವಿರಾರು ಕುಳಗಳನ್ನು ತಪ್ಪಿಲ್ಲದೆ ಹೊಯ್ಯುವ ಕೌಶಲ, ಊರೂರಿಗೆ ಮಾಲನ್ನು ತಲಪಿಸುವ ವ್ಯವಸ್ಥೆ, ಮುರಿದರೆ ಬದಲಿ ಭಾಗ ಸಿಕ್ಕೀತೆಂಬ ವಿಶ್ವಾಸ ಇವು ಒಂದು ದಿನದಲ್ಲಿ ಬರುವಂತಹವಲ್ಲ. ೧೯೨೦ರಲ್ಲಿ ಆ ಕಾರಖಾನೆಯವರು 'ಕಿರ್ಲೋಸ್ಕರ ಖಬರ' ಎಂಬ ಮರಾಠಿ ಪತ್ರಿಕೆಯನ್ನೂ ಆರಂಭಿಸಿದರು. ಕರಿಕೆ ಹಬ್ಬಿದ ಎರೆಹೊಲವನ್ನು ಆಳವಾಗಿ ಮಗುಚಬೇಕಾದ ಒಕ್ಕಲಿಗನು ನೇಗಿಲಿನ ಜೊತೆಗೆ ಕೊಂಡುದು ಈ ವಿಶ್ವಾಸವನ್ನೇ. ಇದು ಮೇಲೆ ಹೇಳಿದ ನಾಲ್ಕನೆಯ ಉಪಾಯ. ಇದರಲ್ಲಿ ಕೊಳ್ಳುವವನಿಗೂ ಹಿತವಿದೆ. ಏತಕ್ಕೆಂದರೆ ಸನದಿನ ಬಲವಿಲ್ಲದ ಕಾರಖಾನೆಯು ಬೆಲೆಯಲ್ಲಿಯೂ ಸೇವೆಯಲ್ಲಿಯೂ ಉಳಿದವರೊಡನೆ ಪ್ರತಿದಿನ ಸೆಣಸಬೇಕಾಗುತ್ತದೆ.

ಬೀಜದೊಳಗಿನ ಬೀಗ

ಬೀಜದ ಸಂಗತಿಯು ಇದಕ್ಕಿಂತ ಸೂಕ್ಷ್ಮವಾದುದು. ನೇಗಿಲು ಮರಿ ಹಾಕುವುದಿಲ್ಲ. ಬೀಜವು ಒಂದಕ್ಕೆ ನೂರಾಗುತ್ತದೆ. ಹೀಗೆ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ವಸ್ತುವನ್ನು ಒಂದು ಸಲ ಮಾರಿದ ಮೇಲೆ ಮಾರಿದವನಿಗೆ ಮತ್ತೆ ಗಿರಾಕಿ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರವು ಸಂಕರ ಬೀಜದಲ್ಲಿ ದೊರೆಯಿತು. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ ಮೊದಲ ತಲೆಮಾರಿನ ಪೈರು ಹುಲುಸಾಗಿಯೂ ಏಕರೂಪವಾಗಿಯೂ ಬರುತ್ತದೆ. ಅದರ ಕಾಳನ್ನೇ ಮರುವರ್ಷ ಬಿತ್ತಿದರೆ ಗುಣಗಳು ಒಡೆದು ಬೇರೆಯಾಗಿ, ಗಿಡಗಳು ಒಂದೊಂದು ವಿಧವಾಗಿ ಬೆಳೆದು ಇಳುವರಿಯು ಕುಗ್ಗುತ್ತದೆ. ತಾಯಿತಂದೆಯ ತಳಿಗಳು ಕಂಪೆನಿಯ ಕೈಯಲ್ಲಿ ಗುಟ್ಟಾಗಿ ಉಳಿಯುತ್ತವೆ. ಹೀಗೆ ಸರಕಾರದ ಸನದಿಲ್ಲದೆಯೇ ನಿಸರ್ಗವೇ ಬೀಗ ಹಾಕಿದಂತಾಗುತ್ತದೆ.

ಈ ವಿದ್ಯೆಯು ಖಾಸಗಿಯವರಿಂದಲೇ ಬಂದಿತೆಂದು ತಿಳಿಯಬಾರದು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಎರಡು ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ಹೊರತಂದರು. ೧೯೮೧ರಲ್ಲಿ ಅದೇ ಧಾರವಾಡದಿಂದ 'ಜಯಲಕ್ಷ್ಮಿ' ಎಂಬ ಡಿ.ಸಿ.ಎಚ್. ೩೨ ಬಂದಿತು. ಸರಕಾರಿ ಕೇಂದ್ರದ ತಳಿಗಳಾದುದರಿಂದ ಶೋಧದ ಶುಲ್ಕವೆಂಬುದು ಇವುಗಳಲ್ಲಿ ಒಬ್ಬರ ಪಾಲಾಗಲಿಲ್ಲ. ಆದರೆ ಪ್ರತಿವರ್ಷ ಬೀಜ ಕೊಳ್ಳುವ ವಾಡಿಕೆಯು ಹತ್ತಿಯ ಸೀಮೆಗಳಲ್ಲಿ ಬೇರೂರಿತು; ಮುಂದೆ ಬಂದ ಕಂಪೆನಿಗಳಿಗೆ ಈ ವಾಡಿಕೆಯೇ ಹದವಾದ ಹೊಲವಾಯಿತು.

ಬಿ.ಟಿ. ಹತ್ತಿಯ ಶುಲ್ಕದ ಕಥೆ

೨೦೦೨ರಲ್ಲಿ ಕಾಯಿಕೊರಕವನ್ನು ತಡೆಯುವ ಬಿ.ಟಿ. ಹತ್ತಿಗೆ ಭಾರತ ಸರಕಾರವು ಅನುಮತಿ ಕೊಟ್ಟಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ಗುಣವನ್ನು ಹತ್ತಿಯ ಗಿಡದೊಳಗೆ ಸೇರಿಸಿದುದೇ ಈ ಶೋಧ. ಮಾನ್ಸಾಂಟೊ ಕಂಪೆನಿಯ ಈ ವಿದ್ಯೆಯನ್ನು ಮಹಿಕೊ-ಮಾನ್ಸಾಂಟೊ ಬಯೋಟೆಕ್ ಎಂಬ ಸಂಸ್ಥೆಯು ದೇಶದ ಬೀಜ ಕಂಪೆನಿಗಳಿಗೆ ಕರಾರಿನ ಮೇಲೆ ಕೊಟ್ಟು, ಪ್ರತಿ ಪೊಟ್ಟಣಕ್ಕೂ 'ಗುಣದ ಶುಲ್ಕ'ವನ್ನು ಪಡೆಯುತ್ತಿತ್ತು. ಗಮನಿಸತಕ್ಕ ವಿಷಯವೆಂದರೆ, ಮೊದಲು ಬಂದ ಈ ಗುಣಕ್ಕೆ ಭಾರತದಲ್ಲಿ ಪೇಟೆಂಟೇ ಇದ್ದಿರಲಿಲ್ಲ. ಬೇರೊಬ್ಬರ ಕೈಯಲ್ಲಿ ಇಂತಹ ವಿದ್ಯೆ ಇಲ್ಲದಿದ್ದುದು, ಸರಕಾರದ ಅನುಮತಿಯು ಅವರಿಗೆ ಮಾತ್ರ ಮೊದಲು ದೊರೆತುದು, ಕರಾರುಗಳು, ಸಂಕರ ಬೀಜದ ಸಹಜ ಬೀಗ ಇವುಗಳಿಂದಲೇ ಶುಲ್ಕವು ವಸೂಲಾಗುತ್ತಿತ್ತು. ಅಮೇರಿಕದ ವಿಚಾರಣೆಯಲ್ಲಿ ಕಂಡುಬಂದ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

೨೦೦೫ರ ಹೊತ್ತಿಗೆ ೪೫೦ ಗ್ರಾಮಿನ ಒಂದು ಪೊಟ್ಟಣಕ್ಕೆ ೧,೬೦೦ ರೂಪಾಯಿಗಳಿಗೂ ಮೇಲ್ಪಟ್ಟು ಬೆಲೆಯಿದ್ದು, ಅದರಲ್ಲಿ ೧,೨೫೦ ರೂಪಾಯಿಗಳು ಗುಣದ ಶುಲ್ಕವೇ ಆಗಿದ್ದಿತು. ೨೦೦೬ರಲ್ಲಿ ಆಂಧ್ರಪ್ರದೇಶದ ಸರಕಾರವು ಏಕಸ್ವಾಮ್ಯ ನಿಯಂತ್ರಣ ಆಯೋಗದ ಮುಂದೆ ದೂರನ್ನು ಒಯ್ದು, ಪೊಟ್ಟಣದ ಬೆಲೆಯನ್ನು ೭೫೦ ರೂಪಾಯಿಗಳಿಗೆ ಇಳಿಸಿತು. ೨೦೧೫ರಲ್ಲಿ ಕೇಂದ್ರ ಸರಕಾರವು ಹತ್ತಿ ಬೀಜದ ಬೆಲೆ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಅದರ ಮೇರೆಗೆ ೨೦೧೬ರಲ್ಲಿ ಎರಡನೆಯ ತರದ ಬಿ.ಟಿ. ಪೊಟ್ಟಣದ ಗರಿಷ್ಠ ಬೆಲೆಯು ೮೦೦ ರೂಪಾಯಿ, ಅದರೊಳಗಿನ ಗುಣದ ಶುಲ್ಕವು ೪೯ ರೂಪಾಯಿ ಎಂದು ಗೊತ್ತಾಯಿತು. ೨೦೧೮ರಲ್ಲಿ ಶುಲ್ಕವು ೩೯ ರೂಪಾಯಿಗೆ ಇಳಿದು, ೨೦೨೦ರಲ್ಲಿ ಪೂರ್ಣವಾಗಿ ತೆಗೆದುಹಾಕಲ್ಪಟ್ಟಿತು.

ಎರಡನೆಯ ತರದ ಗುಣಕ್ಕೆ ೨೦೦೮ರಲ್ಲಿ ಪೇಟೆಂಟು ದೊರೆತಿತ್ತು. ಬೀಜಗಳಿಗೂ ಸಸ್ಯಗಳಿಗೂ ಪೇಟೆಂಟು ಸಲ್ಲದೆಂಬ ಕಾಯದೆಯ ಕಲಮಿನ ಮೇಲೆ ದಿಲ್ಲಿಯ ಹೈಕೋರ್ಟು ೨೦೧೮ರಲ್ಲಿ ಅದನ್ನು ಅಸಿಂಧುವೆಂದಿತು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿರಿಸಿ, ಸಾಕ್ಷ್ಯಗಳನ್ನು ತೆಗೆದುಕೊಂಡು ವಿಚಾರಣೆ ನಡೆಸಬೇಕೆಂದು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಈ ಕಥೆಗೆ ಎರಡು ಮುಖಗಳಿವೆ. ಶುಲ್ಕವು ಇಳಿದುದರಿಂದ ಒಕ್ಕಲಿಗನ ಬೀಜದ ವೆಚ್ಚವು ತಗ್ಗಿದುದು ನಿಜ. ಆದರೆ ಅದೇ ೨೦೧೬ರಲ್ಲಿ ಹತ್ತಿಯ ಮುಂದಿನ ತರದ ಗುಣಕ್ಕಾಗಿ ಸಲ್ಲಿಸಿದ್ದ ಅರ್ಜಿಯು ಹಿಂತೆಗೆದುಕೊಳ್ಳಲ್ಪಟ್ಟಿತು. ಅಷ್ಟರಲ್ಲಿಯೇ ಗುಲಾಬಿ ಕಾಯಿಕೊರಕವು ಹಳೆಯ ಗುಣಗಳಿಗೆ ಬಗ್ಗದಂತಾಗಿತ್ತು. ಬೆಲೆ ಅತಿಯಾದರೆ ಬಿತ್ತುವವನು ಕೆಡುತ್ತಾನೆ. ಲಾಭವೇ ಇಲ್ಲದಂತಾದರೆ ಹೊಸ ಶೋಧವು ಬರುವುದು ನಿಲ್ಲುತ್ತದೆ. ಈ ಎರಡರ ನಡುವಣ ಹದವನ್ನು ಕಾಯುವುದು ಸರಕಾರದ ಕರ್ತವ್ಯವಾಗಿದೆ.

ಕಂಪೆನಿಗಳು ಕೈಹಾಕದ ಕೆಲಸ

ಇದರಿಂದ ಇನ್ನೊಂದು ಸಂಗತಿಯೂ ವಿಶದವಾಗುತ್ತದೆ. ಯಾವ ಶೋಧವನ್ನು ಪೊಟ್ಟಣದಲ್ಲಿ ಕಟ್ಟಿ ಮಾರಲು ಬರುವುದಿಲ್ಲವೋ ಅದಕ್ಕೆ ಕಂಪೆನಿಗಳು ಹಣ ಹಾಕುವುದು ದುರ್ಲಭ. ಹೊಲವನ್ನು ಚೌಕು ಮಡಿಗಳಾಗಿ ಮಾಡಿ ಬಿದ್ದ ಮಳೆಯನ್ನು ಅಲ್ಲಿಯೇ ಇಂಗಿಸುವುದು ಹಿಂಗಾರಿ ಜೋಳಕ್ಕೆ ಬಹಳ ಹಿತವಾದುದು. ಆದರೆ ಒಬ್ಬನ ಹೊಲದಲ್ಲಿ ಮಡಿಯನ್ನು ಕಂಡ ನೆರೆಯವನು ಮರುದಿನವೇ ತಾನೂ ಮಾಡಬಹುದು; ಕಾಯದೆಯ ಪ್ರಕಾರ ಬೇಸಾಯದ ವಿಧಾನಕ್ಕೆ ಪೇಟೆಂಟು ಕೂಡ ಸಲ್ಲುವುದಿಲ್ಲ. ಆದುದರಿಂದಲೇ ಇಂತಹ ಶೋಧನೆಗಳು ಸಾರ್ವಜನಿಕ ಹಣದಿಂದ ನಡೆಯಬೇಕಾಯಿತು. ೧೯೩೩ರ ಸುಮಾರಿಗೆ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕಗಳಲ್ಲಿ ಒಣಬೇಸಾಯದ ಸಂಶೋಧನೆಯು ಸರಕಾರದಿಂದ ಆರಂಭಿಸಲ್ಪಟ್ಟಿತು. ಅದೇ ದಶಕದಲ್ಲಿ ಸೊಲ್ಲಾಪುರದ ಬಳಿಯ ಮೊಹೋಳ ಕ್ಷೇತ್ರದಲ್ಲಿ ಮಾಲದಂಡಿ ಜೋಳದಿಂದ ಆರಿಸಲ್ಪಟ್ಟ ಎಂ. ೩೫-೧ ತಳಿಯು ಇಂದಿಗೂ ಹಿಂಗಾರಿಯ ಎರೆಹೊಲಗಳಲ್ಲಿ ಬಿತ್ತಲ್ಪಡುತ್ತಿದೆ. ಅದು ಸಂಕರವಲ್ಲ; ಅದರ ಕಾಳನ್ನು ಮನೆಯಲ್ಲಿಯೇ ಇಟ್ಟುಕೊಂಡು ಬಿತ್ತಬಹುದು. ನಾಲತವಾಡದ ಒಕ್ಕಲಿಗನ ಜೋಳಕ್ಕೆ ಶೋಧದ ಶುಲ್ಕವಿಲ್ಲದಿರುವ ಕಾರಣವು ಇದೇ: ಆ ಶುಲ್ಕವನ್ನು ನಾಡಿನ ಜನರೆಲ್ಲರೂ ತೆರಿಗೆಯ ರೂಪದಲ್ಲಿ ಹಿಂದೆಯೇ ಕೊಟ್ಟಿರುತ್ತಾರೆ.

ಊರಿನ ಶೋಧಕರು

ಶೋಧವು ದೊಡ್ಡ ಕಾರಖಾನೆಗಳ ಸ್ವತ್ತಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೀಜ ಗೊಬ್ಬರಗಳನ್ನು ಕೂಡಿಯೇ ಬಿತ್ತುವ ಕೂರಿಗೆ, ಹುಣಸೆಯ ಬೀಜವನ್ನು ಬಿಡಿಸುವ ಯಂತ್ರ ಮೊದಲಾದವುಗಳನ್ನು ಕಂಡುಹಿಡಿದು ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಪ್ರತಿ ಊರಿನಲ್ಲಿಯೂ ಕೂರಿಗೆಯ ತಾಳನ್ನೋ ಕುಂಟೆಯ ಕುಡವನ್ನೋ ತಿದ್ದಿ ಉತ್ತಮಪಡಿಸಬಲ್ಲ ಬಡಿಗರೂ ಕಂಬಾರರೂ ಇದ್ದಾರೆ. ಅವರಿಗೆ ತಿಳಿಸತಕ್ಕ ಮುಖ್ಯ ವಿಷಯವೊಂದಿದೆ. ಹೊಸ ಉಪಕರಣವನ್ನು ಜಾತ್ರೆಯಲ್ಲಿಟ್ಟು ಮಾರಿ ಎಲ್ಲರಿಗೂ ತೋರಿಸಿದ ಮೇಲೆ ಪೇಟೆಂಟಿಗೆ ಅರ್ಜಿ ಹಾಕಿದರೆ, ಅದು ಹೊಸದಲ್ಲವೆಂದು ಅರ್ಜಿಯು ಬಿದ್ದುಹೋಗಬಹುದು. ಮೊದಲು ತಾತ್ಪೂರ್ತಿಕ ಅರ್ಜಿಯನ್ನು ಸಲ್ಲಿಸಿ, ೧೨ ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡುವುದಕ್ಕೆ ಕಾಯದೆಯಲ್ಲಿ ಅವಕಾಶವಿದೆ. ಸನದು ದೊರೆತರೆ ಅದು ಅರ್ಜಿಯ ದಿನದಿಂದ ೨೦ ವರ್ಷ ನಡೆಯುತ್ತದೆ. ಆದರೆ ನಕಲು ಮಾಡಿದವನ ಮೇಲೆ ದಾವೆ ಹೂಡುವ ಶಕ್ತಿಯಿಲ್ಲದವನಿಗೆ ಸನದು ಬರಿಯ ಕಾಗದವಾಗುವ ಸಂಭವವೂ ಇದೆ. ಅಂಥವನಿಗೆ ಒಳ್ಳೆಯ ಕೆಲಸ, ಸಕಾಲದ ದುರಸ್ತಿ ಮತ್ತು ಹೆಸರು ಇವೇ ದೊಡ್ಡ ರಕ್ಷಣೆ.

ಗೌಡರೂ ಜಮೀನುದಾರರೂ ಮಾಡತಕ್ಕದ್ದು

ಒಕ್ಕಲಿಗನ ಹಕ್ಕುಗಳನ್ನು ಕಾಯದೆಯು ಕಾಪಾಡಿದೆ. ಅವುಗಳನ್ನು ತಿಳಿದಿರುವವರು ವಿರಳ. ೨೦೦೧ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯದೆಯ ೩೯ನೆಯ ಕಲಮಿನಂತೆ, ತನ್ನ ಹೊಲದಲ್ಲಿ ಬೆಳೆದ ಬೀಜವನ್ನು ಇಟ್ಟುಕೊಳ್ಳುವುದಕ್ಕೂ ಮತ್ತೆ ಬಿತ್ತುವುದಕ್ಕೂ ಇತರರೊಡನೆ ಬದಲಾಯಿಸಿಕೊಳ್ಳುವುದಕ್ಕೂ ಮಾರುವುದಕ್ಕೂ ಒಕ್ಕಲಿಗನಿಗೆ ಹಕ್ಕಿದೆ. ಆ ತಳಿಯು ಕಂಪೆನಿಯ ಹೆಸರಿನಲ್ಲಿ ನೋಂದಾಯಿಸಲ್ಪಟ್ಟಿದ್ದರೂ ಸರಿಯೆ. ಆದರೆ ಅದನ್ನು ಮುದ್ರೆಯೊತ್ತಿದ ಪೊಟ್ಟಣದಲ್ಲಿ ಹೆಸರಿಟ್ಟು ಮಾರಕೂಡದು. ನೋಂದಾಯಿತ ತಳಿಯ ಬೀಜವನ್ನು ಮಾರಿದವನು ಅದು ಎಂತಹ ಸ್ಥಿತಿಯಲ್ಲಿ ಎಷ್ಟು ಫಲ ಕೊಡುವುದೆಂಬುದನ್ನು ತಿಳಿಸತಕ್ಕದ್ದು; ಹೇಳಿದಂತೆ ಫಲ ಬಾರದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರವನ್ನು ಕೇಳಬಹುದು. ಬೀಜ ಕೊಂಡ ಒಕ್ಕಲಿಗನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ತೀರ್ಪಿತ್ತಿರುವುದರಿಂದ ಗ್ರಾಹಕರ ನ್ಯಾಯಾಲಯದ ಬಾಗಿಲೂ ಅವನಿಗೆ ತೆರೆದಿದೆ. ತಲೆತಲಾಂತರದಿಂದ ಊರಿನಲ್ಲಿ ಉಳಿದುಬಂದ ತಳಿಯನ್ನು ಒಕ್ಕಲಿಗರು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಅನುಕೂಲವೂ ಇದೇ ಕಾಯದೆಯಲ್ಲಿದೆ.

ಆದರೆ ಹಕ್ಕು ಕೈಗೂಡಬೇಕಾದರೆ ದಾಖಲೆ ಬೇಕು. ಆದಕಾರಣ ಬೀಜವನ್ನು ಕೊಂಡಾಗ ಪಾವತಿಯನ್ನು ತಪ್ಪದೆ ಪಡೆಯತಕ್ಕದ್ದು. ಪೊಟ್ಟಣವನ್ನೂ ಅದರ ಚೀಟಿಯನ್ನೂ ಸುಗ್ಗಿ ಮುಗಿಯುವವರೆಗೆ ಜೋಪಾನವಾಗಿಡತಕ್ಕದ್ದು. ಸ್ವಲ್ಪ ಬೀಜವನ್ನು ಬಿತ್ತದೆ ಮಾದರಿಗಾಗಿ ಉಳಿಸತಕ್ಕದ್ದು. ಪಾವತಿಯಿಲ್ಲದೆ ಗುಟ್ಟಾಗಿ ಮಾರಲ್ಪಡುವ ಹತ್ತಿ ಬೀಜಕ್ಕೆ ಮರುಳಾಗಬಾರದು. ಬೆಳೆ ಹೋದರೆ ಕೇಳುವುದಕ್ಕೆ ಮಾರಿದವನ ಗುರುತೇ ಸಿಕ್ಕುವುದಿಲ್ಲ. ಸಂಕರವಲ್ಲದ ಜೋಳ, ಕಡಲೆಗಳ ಬೀಜವನ್ನು ತಾವೇ ಆರಿಸಿ ಇಟ್ಟುಕೊಂಡರೆ ಅಷ್ಟು ಹಣವು ಮನೆಯಲ್ಲಿಯೇ ಉಳಿಯುತ್ತದೆ. ಹೊಸ ಬೀಜವೊಂದು ಬಂದಾಗ ಇಡೀ ಹೊಲಕ್ಕೆ ಒಮ್ಮೆಗೇ ಹಾಕದೆ, ಒಂದು ಎಕರೆಯಲ್ಲಿ ಹಳೆಯದರ ಪಕ್ಕದಲ್ಲಿ ಬೆಳೆದು, ಹೆಚ್ಚಿಗೆ ಬಂದ ಮಾಲಿನ ಬೆಲೆಯು ಹೆಚ್ಚಿಗೆ ಕೊಟ್ಟ ಹಣವನ್ನು ಮೀರುವುದೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಶೋಧಕ್ಕೆ ಬೆಲೆ ಕೊಡುವುದು ಅನ್ಯಾಯವಲ್ಲ. ಒಳ್ಳೆಯ ನೇಗಿಲೂ ಒಳ್ಳೆಯ ಬೀಜವೂ ಕೊಟ್ಟ ಹಣವನ್ನು ಮರಳಿ ತಂದುಕೊಡುತ್ತವೆ. ಆದರೆ ಯಾವುದಕ್ಕೆ ಬೆಲೆ ಕೊಡುತ್ತಿದ್ದೇವೆ ಎಂಬುದನ್ನು ತಿಳಿದು ಕೊಡುವುದು ಬೇರೆ, ತಿಳಿಯದೆ ಕೊಡುವುದು ಬೇರೆ. ಊರಿನ ಹಿರಿಯರು ಈ ತಿಳಿವಳಿಕೆಯನ್ನು ಮುಂಗಾರಿಗೆ ಮೊದಲೇ ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ, ಚಿಕ್ಕ ಹಿಡುವಳಿಯ ಒಕ್ಕಲಿಗನಿಗೆ ಅದು ಒಂದು ಚೀಲ ಬೀಜದಷ್ಟೇ ಉಪಕಾರವಾದೀತು.